ಮೂರನೆಯ ಟರ್ಬೊ: ಚಾರ್ಮಾಡಿ ಘಾಟಿಯಲ್ಲಿ ಪಿಕಪ್ ಓಡಿಸಿದ ನನ್ನ ಅನುಭವ

ಚಾರ್ಮಾಡಿ ಘಾಟಿಯ ನಡುವೆ ಅಣ್ಣಪ್ಪ ಸ್ವಾಮಿಯ ಗುಡಿ ಇದೆ. ಹತ್ತುವ ಗಾಡಿಯಾಗಲಿ, ಇಳಿಯುವ ಗಾಡಿಯಾಗಲಿ, ಅಲ್ಲಿ ನಿಲ್ಲಿಸಿ ಕೈ ಮುಗಿಯದೆ ಹೋಗುವ ಚಾಲಕ ಅಪರೂಪ. ನಾನೂ ನಿಲ್ಲಿಸುತ್ತಿದ್ದೆ, ಇಂದಿಗೂ ನಿಲ್ಲಿಸುತ್ತೇನೆ. ಆದರೆ ಮೊದಲ ಮೂರು ವರ್ಷ ನಿಲ್ಲಿಸಿದ ಕ್ಷಣವೇ ಕೀ ತಿರುಗಿಸಿ ಎಂಜಿನ್ ಆಫ್ ಮಾಡುತ್ತಿದ್ದೆ. ಡೀಸೆಲ್ ಉಳಿಯುತ್ತದೆ ಎಂಬ ಲೆಕ್ಕ ನನ್ನದು. ಎಂಜಿನ್ ಸುಮ್ಮನೆ ಓಡಿದರೆ ಗಂಟೆಗೆ ಒಂದು ಲೀಟರ್ ಕುಡಿಯುತ್ತದೆ ಎಂದೇ ಹಿಡಿಯಿರಿ. ಆಫ್ ಮಾಡುವ ಮೊದಲು ಕಾಯಬೇಕಾದ ಒಂದೂವರೆ ನಿಮಿಷಕ್ಕೆ ಆಗುವುದು 25 ಮಿಲಿಲೀಟರ್, ಎರಡು ರೂಪಾಯಿಯ ಆಸುಪಾಸು. ಆ ಎರಡು ರೂಪಾಯಿ ಉಳಿಸಲು ಹೋಗಿ ನಾನು ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊವನ್ನು ಎರಡು ಸಲ ಕಳೆದುಕೊಂಡೆ.

ನನ್ನದು 2017ರಲ್ಲಿ ಕೊಂಡ, ಹೊಗೆಯ ಮಾಲಿನ್ಯಕ್ಕೆ ಸರ್ಕಾರ ಹಾಕಿದ ಬಿಎಸ್-4 ಮಟ್ಟದ ಪಿಕಪ್. ನಾಲ್ಕು ಸಿಲಿಂಡರಿನ, ಎರಡೂವರೆ ಲೀಟರಿನ ಟರ್ಬೊ ಡೀಸೆಲ್ ಎಂಜಿನ್. ಚಿಕ್ಕಮಗಳೂರಿನಿಂದ ಮಂಗಳೂರಿಗೆ ತರಕಾರಿ ಒಯ್ಯುತ್ತೇನೆ. ಬರುವಾಗ ತೆಂಗಿನಕಾಯಿ, ಕುಚ್ಚಲಕ್ಕಿ, ಅದೂ ಸಿಗದಿದ್ದರೆ ಖಾಲಿ ಕ್ರೇಟುಗಳು. ಹೋಗಿಬರಲು ಸುಮಾರು 300 ಕಿಲೋಮೀಟರ್, ವಾರಕ್ಕೆ ಮೂರು ಸಲ. 2019ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಚಾರ್ಮಾಡಿ ಮುಚ್ಚಿದಾಗ ಶಿರಾಡಿಯ ಮೇಲೆ ಓಡಾಡಿದೆ. ಈಗ ಮೀಟರಿನಲ್ಲಿ 3,61,000 ಕಿಲೋಮೀಟರ್ ಇದೆ. ಎಂಜಿನ್ ಇನ್ನೂ ಬಿಚ್ಚಿಲ್ಲ. ಟರ್ಬೊ ಮಾತ್ರ ಮೂರನೆಯದು.

ನಮ್ಮ ಚಿಕ್ಕಪ್ಪನ ಹಳೆಯ ಜೀಪಿನಲ್ಲಿ ಟರ್ಬೊ ಇರಲಿಲ್ಲ. ತೋಟದ ಏರಿನಲ್ಲಿ ಅದು ಹೊಗೆ ಉಗುಳುತ್ತಾ ತೆವಳುತ್ತಿತ್ತು, ಆದರೆ ಹೇಗೆ ನಡೆಸಿಕೊಂಡರೂ ಸಹಿಸುತ್ತಿತ್ತು. ಆಯಿಲ್ ತಡವಾಗಿ ಬದಲಿಸಿದರೂ ಓಡುತ್ತಿತ್ತು, ಮಣ್ಣು ತುಂಬಿದ ಫಿಲ್ಟರಿನಲ್ಲೂ ಓಡುತ್ತಿತ್ತು. ಅದನ್ನು ನೋಡಿ ಬೆಳೆದವನು ನಾನು. ಹೊಸ ಗಾಡಿಯನ್ನೂ ಹಾಗೆಯೇ ನಡೆಸಿಕೊಂಡೆ.

ಟರ್ಬೊ ಮಾಡುವ ಕೆಲಸ ತಿಳಿಯಲು ಕಷ್ಟವಿಲ್ಲ. ಸೈಲೆನ್ಸರಿನ ಕಡೆಗೆ ಹೋಗುವ ಬಿಸಿ ಹೊಗೆಯ ರಭಸದಿಂದ ಒಂದು ಚಕ್ರ ತಿರುಗುತ್ತದೆ. ಅದೇ ಶಾಫ್ಟಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ, ಗಾಳಿ ತಣಿಸುವ ಇಂಟರ್‌ಕೂಲರ್ ಮೂಲಕ ಎಂಜಿನ್ನಿಗೆ ತುಂಬುತ್ತದೆ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ ಎಂಬ ಎಂಜಿನಿಯರ್ ಇದಕ್ಕೆ 1905ರಲ್ಲೇ ಪೇಟೆಂಟ್ ಪಡೆದಿದ್ದ. ಲೋಡ್ ಹೊತ್ತು ಏರುವಾಗ ಆ ಶಾಫ್ಟ್ ನಿಮಿಷಕ್ಕೆ ಒಂದು ಲಕ್ಷ ಸುತ್ತು ದಾಟುತ್ತದೆ. ಹೊಗೆಯ ಕಡೆಯ ಶಾಖ ಆರೇಳು ನೂರು ಡಿಗ್ರಿ ಮುಟ್ಟುತ್ತದೆ. ಇಷ್ಟು ವೇಗದಲ್ಲಿ ತಿರುಗುವ ಶಾಫ್ಟು ನಿಂತಿರುವುದು ಎಂಜಿನ್ ಆಯಿಲಿನ ತೆಳುವಾದ ಪೊರೆಯ ಮೇಲೆ. ಎಂಜಿನ್ ಆಫ್ ಆದರೆ ಆಯಿಲ್ ಪಂಪ್ ನಿಲ್ಲುತ್ತದೆ. ಟರ್ಬೊದೊಳಗೆ ಉಳಿದ ಒಂದೆರಡು ಚಮಚ ಆಯಿಲ್ ಆ ಕಾವಿಗೆ ಬೆಂದು ಕರಿಯಾಗುತ್ತದೆ. ಒಂದು ದಿನಕ್ಕೆ ಏನೂ ತಿಳಿಯುವುದಿಲ್ಲ. ಬಾಣಲೆಯ ತಳದ ಜಿಡ್ಡಿನಂತೆ ದಿನದಿನವೂ ಒಂದೊಂದು ಪದರ ಕೂರುತ್ತದೆ.

ಹೆಚ್ಚಿನವರು ಕೊಟ್ಟಿಗೆಹಾರದಲ್ಲಿ ಕಾಫಿಗೆ ನಿಲ್ಲಿಸಿದಾಗ ಎಂಜಿನ್ ಆಫ್ ಮಾಡುವ ಮೊದಲು ಕಾಯಬೇಕು ಎನ್ನುತ್ತಾರೆ. ನನ್ನ ಅನುಭವದಲ್ಲಿ ಅಲ್ಲಿ ಅಷ್ಟು ಅಪಾಯವಿಲ್ಲ. ಘಾಟಿಯ ಕಡಿದಾದ ಏರು ಮುಗಿದ ಮೇಲೂ ಕೊಟ್ಟಿಗೆಹಾರಕ್ಕೆ ಸಾಕಷ್ಟು ದೂರ ಇದೆ. ಆ ಹಗುರ ರಸ್ತೆಯಲ್ಲಿ ಟರ್ಬೊ ತಾನೇ ತಣಿಯುತ್ತದೆ. ಅಪಾಯ ಇರುವುದು ಏರಿನ ಮಧ್ಯದಲ್ಲಿ, ಎರಡನೇ ಗೇರಿನಲ್ಲಿ ದುಡಿದು ಬಂದು ಥಟ್ಟನೆ ಆಫ್ ಮಾಡುವಲ್ಲಿ. ಗುಡಿಯ ಮುಂದೆ ಮೂರು ವರ್ಷ ನಾನು ಮಾಡಿದ್ದು ಅದನ್ನೇ.

2020ರ ಕೊನೆಯಲ್ಲಿ, 1,38,000 ಕಿಲೋಮೀಟರಿನ ಹೊತ್ತಿಗೆ, ಏರಿನಲ್ಲಿ ಸಣ್ಣ ಸೈರನ್ನಿನಂಥ ಸದ್ದು ಬರತೊಡಗಿತು. ಬೆಲ್ಟ್ ಇರಬೇಕು ಎಂದುಕೊಂಡು ಮೂರು ವಾರ ಓಡಿಸಿದೆ. ಆಮೇಲೆ ಗಾಡಿ ಎಳೆಯುವುದು ಕಡಿಮೆಯಾಯಿತು, ನೀಲಿ ಹೊಗೆ ಬಂತು, ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಕೆಳಗಿನ ಗೆರೆಗಿಂತಲೂ ಇಳಿದಿತ್ತು. ಹತ್ತಿರದ ಗ್ಯಾರೇಜಿನಲ್ಲಿ ಬಿಚ್ಚಿಸಿದೆ. ಗಾಳಿಯ ಚಕ್ರದ ಅಂಚು ಹೊರಗಿನ ಚಿಪ್ಪಿಗೆ ಉಜ್ಜಿ ಹೊಳೆಯುತ್ತಿತ್ತು. ರೀಕಂಡಿಷನ್ ಮಾಡಿದ ಕೋರ್, ಅಂದರೆ ಟರ್ಬೊದ ನಡುಭಾಗ, ಹಾಕಿಸಿದೆ. ಎಲ್ಲ ಸೇರಿ ಹದಿನಾಲ್ಕು ಸಾವಿರ. ಒಂದೇ ದಿನದಲ್ಲಿ ಕೆಲಸ ಮುಗಿಯಿತೆಂದು ಖುಷಿಪಟ್ಟಿದ್ದೆ.

ಎರಡನೆಯದು ಬಾಳಿದ್ದು ಒಂಬತ್ತು ಸಾವಿರ ಕಿಲೋಮೀಟರ್ ಮಾತ್ರ. ಅದು ಹೋದ ರೀತಿಯನ್ನು ಡೀಸೆಲ್ ಗಾಡಿ ಓಡಿಸುವ ಪ್ರತಿಯೊಬ್ಬರೂ ತಿಳಿದಿರಬೇಕು. ಬಿ.ಸಿ. ರೋಡ್ ದಾಟಿ ಉಜಿರೆಯ ಕಡೆಗೆ ಬರುತ್ತಿದ್ದೆ, ಸಪಾಟು ರಸ್ತೆ. ಇದ್ದಕ್ಕಿದ್ದಂತೆ ಹಿಂದೆ ಬಿಳಿ ಹೊಗೆಯ ಮೋಡ. ಆಕ್ಸಿಲರೇಟರ್‌ನಿಂದ ಕಾಲು ತೆಗೆದರೂ ಎಂಜಿನ್ ಕೂಗುತ್ತಲೇ ಇತ್ತು. ಪಕ್ಕಕ್ಕೆ ನಿಲ್ಲಿಸಿ ಕೀ ಆಫ್ ಮಾಡಿದೆ. ಎಂಜಿನ್ ನಿಲ್ಲಲಿಲ್ಲ. ವೇಗ ಇನ್ನೂ ಏರಿತು. ಟರ್ಬೊದ ಸೀಲು ಹೋಗಿ ಎಂಜಿನ್ ತನ್ನದೇ ಆಯಿಲನ್ನು ಗಾಳಿಯ ದಾರಿಯಿಂದ ಎಳೆದು ಸುಡುತ್ತಿತ್ತು. ಡೀಸೆಲ್ ನಿಲ್ಲಿಸಿದರೂ ಅದಕ್ಕೆ ಲೆಕ್ಕವಿರಲಿಲ್ಲ. ಹಿಂದೊಮ್ಮೆ ಲಾರಿ ಚಾಲಕರೊಬ್ಬರು ಹೇಳಿದ್ದು ಆ ಹೊತ್ತಿಗೆ ನೆನಪಾದದ್ದು ನನ್ನ ಪುಣ್ಯ. ಕ್ಲಚ್ ಒತ್ತಿ ನಾಲ್ಕನೇ ಗೇರ್ ಹಾಕಿದೆ, ಬ್ರೇಕನ್ನು ಪೂರ್ತಿ ತುಳಿದು, ಹ್ಯಾಂಡ್‌ಬ್ರೇಕ್ ಎಳೆದು, ಕ್ಲಚ್ ಬಿಟ್ಟೆ. ಗಾಡಿ ಒಮ್ಮೆ ಅದುರಿ ಎಂಜಿನ್ ನಿಂತಿತು. ಇನ್ನೊಂದು ನಿಮಿಷ ತಡವಾಗಿದ್ದರೆ ಎಂಜಿನ್ ಒಡೆಯುತ್ತಿತ್ತು. ಅಂಥ ಹೊತ್ತಿನಲ್ಲಿ ಬಾನೆಟ್ ತೆಗೆದು ಗಾಳಿಯ ಪೈಪಿಗೆ ಕೈ ಅಡ್ಡ ಹಿಡಿಯಲು ಯಾರೂ ಹೋಗಬೇಡಿ. ಮೊದಲು ಗೇರಿನಲ್ಲಿ ನಿಲ್ಲಿಸಲು ನೋಡಿ. ಅದಾಗದಿದ್ದರೆ ಗಾಡಿಯಿಂದ ದೂರ ಹೋಗಿ.

ಗಾಡಿಯನ್ನು ಎಳೆಸಿಕೊಂಡು ಹಾಸನಕ್ಕೆ ಒಯ್ದೆ. ಅಲ್ಲಿ ಡೀಸೆಲ್ ಪಂಪು, ಟರ್ಬೊ ಕೆಲಸ ಮಾಡುವ ಹಿರಿಯ ಮೇಸ್ತ್ರಿಯೊಬ್ಬರಿದ್ದಾರೆ. ಟರ್ಬೊ ತರಿಸಿ ಹಾಕಿಬಿಡಿ, ಬಾಡಿಗೆ ನಿಂತಿದೆ ಎಂದು ಅವಸರ ಮಾಡಿದೆ. ಅವರು ಟರ್ಬೊ ಮುಟ್ಟಲೇ ಇಲ್ಲ. ಮೊದಲು ಅದಕ್ಕೆ ಆಯಿಲ್ ಕೊಡುವ ಸಣ್ಣ ಪೈಪನ್ನು ಬಿಚ್ಚಿ, ಒಂದು ತುದಿಗೆ ಬಾಯಿಟ್ಟು ಊದಿದರು. ಗಾಳಿ ಸರಿಯಾಗಿ ಹೋಗಲಿಲ್ಲ.

"ನೋಡಪ್ಪಾ, ಟರ್ಬೊ ತಾನಾಗಿ ಸಾಯುವುದಿಲ್ಲ. ಉಪವಾಸ ಕೆಡವಿದರೆ ಸಾಯುತ್ತದೆ. ಹೊಸದನ್ನು ತಂದು ಇದೇ ಪೈಪಿಗೆ ಕಟ್ಟಿದರೆ ಅದೂ ಉಪವಾಸವೇ," ಎಂದರು.

ಪೈಪನ್ನು ಉದ್ದಕ್ಕೆ ಸೀಳಿ ತೋರಿಸಿದರು. ಒಳಗೆ ಡಾಂಬರಿನಂಥ ಕರಿ. ಪೈಪನ್ನು ಹಿಡಿದಿಡುವ ಬೋಲ್ಟಿನಲ್ಲಿ ಆಯಿಲ್ ಹಾಯುವ ತೂತು ಅರ್ಧ ಮುಚ್ಚಿತ್ತು. ಹಿಂದಿನ ಸಲ ಜೋಡಿಸುವಾಗ ಗ್ಯಾಸ್ಕೆಟ್ ಬದಲು ಹಚ್ಚಿದ ಕೆಂಪು ಸಿಲಿಕೋನ್ ಪೇಸ್ಟಿನ ಒಂದು ಎಳೆ ಟರ್ಬೊದ ಬಾಯಲ್ಲೇ ನೇತಾಡುತ್ತಿತ್ತು. ಎಂಜಿನ್ನಿನ ಅಡಿಯ ಆಯಿಲ್ ತಟ್ಟೆಯಾದ ಸಂಪ್ ಇಳಿಸಿದಾಗ ಆಯಿಲ್ ಪಂಪಿನ ಜಾಲರಿಯಲ್ಲೂ ಕರಿಯ ಚೂರು ಸಿಕ್ಕವು. ಎಂಜಿನ್ನಿನ ಒಳಗಿನ ಗಾಳಿಯ ಒತ್ತಡ ಹೊರಬಿಡುವ ಬ್ರೀದರ್ ಕಟ್ಟಿಕೊಂಡಿತ್ತು. ಬ್ರೀದರಿಗೂ ಟರ್ಬೊಗೂ ಏನು ಸಂಬಂಧ ಎಂದು ಕೇಳಿದೆ. ಟರ್ಬೊದಲ್ಲಿ ಆಯಿಲ್ ತಡೆಯುವುದು ರಬ್ಬರ್ ಸೀಲ್ ಅಲ್ಲ, ಪಿಸ್ಟನ್ ರಿಂಗಿನಂಥ ಸಣ್ಣ ಲೋಹದ ಉಂಗುರ. ಬಳಸಿದ ಆಯಿಲ್ ತನ್ನ ಭಾರಕ್ಕೆ ತಾನೇ ಸಂಪಿಗೆ ಇಳಿದುಹೋಗಬೇಕು. ಎಂಜಿನ್ ಒಳಗೆ ಗಾಳಿಯ ಒತ್ತಡ ಹೆಚ್ಚಾದರೆ, ಇಲ್ಲವೇ ಇಳಿಯುವ ಪೈಪು ಕಟ್ಟಿದರೆ, ಆಯಿಲ್ ಹಿಂದೆ ಒತ್ತಿ ಆ ಉಂಗುರವನ್ನು ದಾಟಿಬಿಡುತ್ತದೆ. ಟರ್ಬೊ ಸರಿಯಾಗಿದ್ದರೂ ಸೋರುತ್ತದೆ. ಇಷ್ಟನ್ನು ಅವರು ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ವಿವರಿಸಿದರು. ಅವರಿಗೆ ನಾನು ಎಷ್ಟು ಋಣಿ ಎಂದು ಹೇಳಲಾರೆ.

ಒಂಬತ್ತು ದಿನ ಹಿಡಿಯಿತು. ಹೊಸ ಟರ್ಬೊ, ಹೊಸ ಆಯಿಲ್ ಪೈಪ್, ಹೊಸ ಬೋಲ್ಟ್, ಮೂಲ ಗ್ಯಾಸ್ಕೆಟ್. ಇಂಟರ್‌ಕೂಲರನ್ನು ಹೊರತೆಗೆದು ಕವುಚಿದರೆ ಮುಕ್ಕಾಲು ಲೀಟರ್ ಆಯಿಲ್ ಸುರಿಯಿತು. ಅದನ್ನು ತೊಳೆಯದೆ ಸ್ಟಾರ್ಟ್ ಮಾಡಿದ್ದರೆ ಎಂಜಿನ್ ಮತ್ತೆ ಹುಚ್ಚು ಹಿಡಿದಂತೆ ಓಡುತ್ತಿತ್ತು. ಜೋಡಿಸಿದ ಮೇಲೆ ಮೇಸ್ತ್ರಿ ಟರ್ಬೊದ ಬಾಯಿಗೆ ಆಯಿಲ್ ಹನಿಸಿ ಶಾಫ್ಟನ್ನು ಬೆರಳಿನಿಂದ ತಿರುಗಿಸಿದರು. ಡೀಸೆಲ್ ಬರದಂತೆ ಕನೆಕ್ಟರ್ ಕಳಚಿ, ಕೆಳಗಿನ ಪೈಪಿನಿಂದ ಆಯಿಲ್ ಇಳಿಯುವವರೆಗೆ ಬಿಟ್ಟು ಬಿಟ್ಟು ಸೆಲ್ಫ್ ಹೊಡೆಸಿದರು. ಆಮೇಲೆಯೇ ಸ್ಟಾರ್ಟ್. ಹೊಸ ಟರ್ಬೊ ಒಣಗಿದ ಬೇರಿಂಗಿನಲ್ಲಿ ಮೊದಲ ಕೆಲವು ಸೆಕೆಂಡು ತಿರುಗಿದರೂ ಅದರ ಆಯುಷ್ಯ ಅಲ್ಲೇ ಅರ್ಧವಾಗುತ್ತದಂತೆ. ಒಟ್ಟು 46,000 ರೂಪಾಯಿ, ಜೊತೆಗೆ ಒಂಬತ್ತು ದಿನದ ಬಾಡಿಗೆ ನಷ್ಟ.

ಆ ಟರ್ಬೊ ಇಂದಿಗೆ 2,14,000 ಕಿಲೋಮೀಟರ್ ಓಡಿದೆ.

ನಾನು ಬದಲಿಸಿಕೊಂಡದ್ದರಲ್ಲಿ ಮೊದಲನೆಯದು ಆಯಿಲ್. ಹತ್ತು ಸಾವಿರ ಕಿಲೋಮೀಟರಿಗೆ ತಪ್ಪದೆ ಬದಲಿಸುತ್ತೇನೆ. ಕೈಪಿಡಿಯಲ್ಲಿ ಇದಕ್ಕಿಂತ ದೀರ್ಘ ಅವಧಿ ಇದೆ, ಆದರೆ ಲೋಡ್ ಹೊತ್ತು ಘಾಟಿ ಹತ್ತುವ ಗಾಡಿಗೆ ಆ ಅವಧಿ ಹೊಂದುವುದಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ. ಕೈಪಿಡಿಯ ಗ್ರೇಡನ್ನೇ ಹಾಕುತ್ತೇನೆ, ಸೀಲ್ ಮಾಡಿದ ಕ್ಯಾನ್ ಮಾತ್ರ. ಡ್ರಮ್ಮಿನಿಂದ ಅಳೆದು ಕೊಡುವ ಆಯಿಲನ್ನು ಟರ್ಬೊ ಗಾಡಿಗೆ ಹಾಕಿಸಬೇಡಿ. ಪ್ರತಿ ಒಂದು ಲಕ್ಷ ಕಿಲೋಮೀಟರಿಗೆ ಟರ್ಬೊದ ಆಯಿಲ್ ಪೈಪನ್ನು ಕಣ್ಣುಮುಚ್ಚಿ ಬದಲಿಸುತ್ತೇನೆ. ಬೆಳಗ್ಗೆ ಸ್ಟಾರ್ಟ್ ಮಾಡಿ ಅರ್ಧ ನಿಮಿಷ ಆಕ್ಸಿಲರೇಟರ್ ಮುಟ್ಟುವುದಿಲ್ಲ. ಅಣ್ಣಪ್ಪನ ಗುಡಿಯ ಮುಂದೆ ಎಂಜಿನ್ ಓಡುತ್ತಿರುವಾಗಲೇ ಚಕ್ರಕ್ಕೆ ಕಲ್ಲು ಕೊಟ್ಟು, ಪಕ್ಕದವನನ್ನು ಗಾಡಿಯಲ್ಲೇ ಕೂರಿಸಿ, ಕೈ ಮುಗಿದು ಬರುತ್ತೇನೆ. ಒಬ್ಬನೇ ಇದ್ದ ದಿನ ಒಂದೂವರೆ ನಿಮಿಷ ಒಳಗೇ ಕುಳಿತು, ಆಫ್ ಮಾಡಿ ಇಳಿಯುತ್ತೇನೆ.

ಗೇರಿನ ಅಭ್ಯಾಸ ಬಿಡಿಸಿಕೊಳ್ಳುವುದು ಇದಕ್ಕಿಂತ ಕಷ್ಟವಾಯಿತು. ಟರ್ಬೊ ಎಂಜಿನ್ ಕಡಿಮೆ ವೇಗದಲ್ಲೂ ಎಳೆಯುತ್ತದೆ, ಅದಕ್ಕೇ ಮೂರನೇ ಗೇರಿನಲ್ಲಿ ಸಾವಿರದ ಇನ್ನೂರು ಆರ್‌ಪಿಎಮ್‌ನಲ್ಲಿ ಪೆಡಲ್ ತುಳಿದು ತಿರುವು ಹತ್ತಿಸುವ ಆಸೆಯಾಗುತ್ತದೆ. ಆಗ ಭಾರ ಹೆಚ್ಚು, ಹೊಗೆಯ ಕಾವು ಹೆಚ್ಚು, ಆದರೆ ಆಯಿಲಿನ ಒತ್ತಡ ಕಡಿಮೆ. ನಾನು ಈಗ ತಿರುವಿಗೆ ಮೊದಲೇ ಎರಡನೇ ಗೇರಿಗೆ ಇಳಿಸಿ, ಎರಡು ಸಾವಿರದ ಮೇಲೆ ಇಟ್ಟುಕೊಂಡು ಏರುತ್ತೇನೆ. ಸದ್ದು ಹೆಚ್ಚು, ಎಂಜಿನ್ನಿಗೆ ಹಿತ. ಇನ್ನು ಓವರ್‌ಲೋಡ್. 1.3 ಟನ್ನಿನ ಗಾಡಿಗೆ ಎರಡು ಟನ್ ತುಂಬುವವರಿಗೆ ನಾನು ಏನು ಹೇಳಿದರೂ ಪ್ರಯೋಜನವಿಲ್ಲ. ನಾನು ಬಿಟ್ಟಿದ್ದೇನೆ, ಬಾಡಿಗೆ ಕಳೆದುಕೊಂಡೂ ಬಿಟ್ಟಿದ್ದೇನೆ.

ಸತ್ತ ಮೊದಲ ಟರ್ಬೊದ ಚಕ್ರವನ್ನು ಇಟ್ಟುಕೊಂಡಿದ್ದೇನೆ. ಅದರ ಅಂಚು ಹಳೆಯ ಕುಡುಗೋಲಿನ ಹಲ್ಲಿನಂತೆ ಸವೆದಿದೆ. ಉಜ್ಜಿದ್ದು ಒಂದು ಕಾರಣ, ಧೂಳು ಇನ್ನೊಂದು. ಏರ್ ಫಿಲ್ಟರನ್ನು ನೆಲಕ್ಕೆ ಬಡಿದು ಮತ್ತೆ ಹಾಕುತ್ತಿದ್ದೆ. ಬಡಿದಾಗ ಕಾಗದ ಬಿರಿಯುತ್ತದೆ, ರಬ್ಬರಿನ ಅಂಚು ಸೊಟ್ಟಗಾಗುತ್ತದೆ, ಅಲ್ಲಿಂದ ನುಗ್ಗುವ ನುಣ್ಣನೆ ಮರಳು ಲಕ್ಷ ಸುತ್ತಿನ ಚಕ್ರಕ್ಕೆ ತಗಲುತ್ತದೆ. ರಸ್ತೆ ಅಗಲಿಸುವ ಕೆಲಸ ನಡೆದ ಬೇಸಿಗೆಯಲ್ಲಿ ಫಿಲ್ಟರನ್ನು ಎರಡು ಪಟ್ಟು ಬೇಗ ಬದಲಿಸಿದೆ. ಗಾಳಿಯ ಹೋಸ್ ಪೈಪುಗಳ ಕ್ಲಾಂಪನ್ನು ತಿಂಗಳಿಗೊಮ್ಮೆ ಬಿಗಿಯುತ್ತೇನೆ. ಕಪ್ಪು ಹೊಗೆ ಬಂದು ಎಳೆತ ಕಡಿಮೆಯಾದರೆ ಮೊದಲು ಆ ಪೈಪಿನಲ್ಲಿ ಬಿರುಕು ಹುಡುಕಿ. ಮುನ್ನೂರು ನಾನೂರು ರೂಪಾಯಿಯ ಪೈಪಿನ ದೋಷಕ್ಕೆ ಟರ್ಬೊ ಬದಲಿಸಿಕೊಂಡವರನ್ನು ಕಂಡಿದ್ದೇನೆ.

ನನ್ನ ಭಾಮೈದನದು ಬಿಎಸ್-6 ಪಿಕಪ್. 2020ರ ಏಪ್ರಿಲ್ ನಂತರದ ಈ ಗಾಡಿಗಳಲ್ಲಿ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಇರುತ್ತದೆ. ಅವನು ಊರೊಳಗೆ ನಾಲ್ಕೈದು ಕಿಲೋಮೀಟರ್ ಓಡಿಸಿ ಆಫ್ ಮಾಡುತ್ತಾನೆ. ಫಿಲ್ಟರಿನ ಮಸಿ ಸುಡಲು ಎಂಜಿನ್ ಹೆಚ್ಚು ಡೀಸೆಲ್ ಹಾಯಿಸಿ ಕಾವು ಏರಿಸುತ್ತದೆ, ಅಷ್ಟರಲ್ಲಿ ಅವನು ಕೀ ತೆಗೆದಿರುತ್ತಾನೆ. ಸುಡದ ಡೀಸೆಲ್ ಸಿಲಿಂಡರಿನ ಗೋಡೆಯಿಂದ ಇಳಿದು ಆಯಿಲಿಗೆ ಸೇರುತ್ತದೆ. ಒಂದು ದಿನ ಡಿಪ್‌ಸ್ಟಿಕ್ ನೋಡಿದರೆ ಆಯಿಲ್ ಮೇಲಿನ ಗೆರೆಗಿಂತ ಮೇಲಿತ್ತು. ಏರಿದ ಆಯಿಲ್ ಕಂಡು ಅವನು ಸಮಾಧಾನಪಟ್ಟಿದ್ದ. ಮೂಸಿ ನೋಡು ಎಂದೆ, ಡೀಸೆಲ್ ವಾಸನೆ. ತೆಳುವಾದ ಆ ಆಯಿಲ್ ಟರ್ಬೊದ ಶಾಫ್ಟನ್ನು ಹೊರಲಾರದು. ಅಂದೇ ಬದಲಿಸಿದೆವು. ಈಗ ವಾರಕ್ಕೊಮ್ಮೆ ಅವನು ಕಡೂರಿನವರೆಗೆ ಒಂದೇ ಸಮನೆ ಓಡಿಸಿ ಬರುತ್ತಾನೆ, ಡಿಪಿಎಫ್ ದೀಪ ಹೊತ್ತಿಕೊಂಡರೆ ಅದು ಆರುವವರೆಗೆ ನಿಲ್ಲಿಸುವುದಿಲ್ಲ. ಈ ಗಾಡಿಗಳಿಗೆ ಬೂದಿ ಕಡಿಮೆ ಇರುವ ಬೇರೆ ಆಯಿಲ್ ಬೇಕು. ನನ್ನ ಗಾಡಿಯದನ್ನು ಅವನಿಗೆ ಕೊಡುವ ಹಾಗಿಲ್ಲ.

ಟರ್ಬೊ ಪಿಕಪ್ ಬಾಳಿಕೆ ಬರುವುದಿಲ್ಲ ಎಂದು ಹೇಳುವವರೊಂದಿಗೆ ನಾನು ಈಗಲೂ ವಾದ ಮಾಡುತ್ತೇನೆ. ಚಿಕ್ಕಪ್ಪನ ಜೀಪಿನಷ್ಟೇ ಇದೂ ಬಾಳುತ್ತದೆ, ಅದು ಸಹಿಸುತ್ತಿದ್ದ ಅಲಕ್ಷ್ಯವನ್ನು ಮಾತ್ರ ಸಹಿಸುವುದಿಲ್ಲ.

ಕಳೆದ ವಾರ ಎಂಜಿನ್ ತಣ್ಣಗಿದ್ದಾಗ ಗಾಳಿಯ ಪೈಪ್ ಬಿಚ್ಚಿ ಶಾಫ್ಟನ್ನು ಬೆರಳಿನಿಂದ ಅಲುಗಿಸಿ ನೋಡಿದೆ. ಪಕ್ಕಕ್ಕೆ ಕೂದಲೆಳೆಯಷ್ಟು ಆಟ ಇದೆ, ಅದು ಇರಬೇಕಾದದ್ದೇ. ಹಿಂದೆ ಮುಂದೆ ಎಳೆದರೆ ಆಟ ತಿಳಿಯುವುದಿಲ್ಲ. ಚಕ್ರ ಚಿಪ್ಪಿಗೆ ತಾಗುತ್ತಿಲ್ಲ, ಅಂಚು ಚೂಪಾಗಿದೆ. ಪೈಪಿನೊಳಗೆ ಆಯಿಲಿನ ತೆಳು ಪಸೆ ಮಾತ್ರ. ನಾಲ್ಕು ಲಕ್ಷ ಕಿಲೋಮೀಟರಿಗೆ ಮುಂಚಿತವಾಗಿ ಬದಲಿಸಿಬಿಡು ಎಂದು ಕೆಲವರು ಹೇಳುತ್ತಿದ್ದಾರೆ. ಹಾಸನದ ಮೇಸ್ತ್ರಿಯನ್ನು ಕೇಳಿದೆ. ಓಡುವುದನ್ನು ಯಾಕೆ ಬಿಚ್ಚುತ್ತೀಯ, ಆಯಿಲ್ ಪೈಪ್ ಬದಲಿಸು ಸಾಕು ಎಂದರು. ಮುಂದಿನ ಸರ್ವಿಸಿಗೆ ಪೈಪ್ ತರಿಸಿಟ್ಟಿದ್ದೇನೆ.