ರಾಜೀನಾಮೆಗೆ ನಾನು ಸಹಿ ಹಾಕಲಿಲ್ಲ

ಸ್ಟೋರ್‌ನಿಂದ ತಾಮ್ರದ ವೈರು ಹೊರಗೆ ಸಾಗಿಸಿದ್ದೇನೆ ಅಂತ ಜೊತೆಗೆ ಕೆಲಸ ಮಾಡುತ್ತಿದ್ದವನೊಬ್ಬ ದೂರು ಕೊಟ್ಟ. ಮಾರನೇ ದಿನ ಎಚ್‌ಆರ್ ಟೇಬಲ್ ಮೇಲೆ ಟೈಪ್ ಮಾಡಿದ ರಾಜೀನಾಮೆ ಪತ್ರ, ಪಕ್ಕದಲ್ಲಿ ಮುಚ್ಚಳ ತೆಗೆದಿಟ್ಟ ಪೆನ್ನು. "ಸಹಿ ಹಾಕಿ, ಮರ್ಯಾದೆಯಿಂದ ಹೋಗಿಬಿಡಿ" ಅಂದರು. ಕೈ ನಡುಗುತ್ತಿತ್ತು. ಆದರೂ ಹಾಕಲಿಲ್ಲ. ನನ್ನ ಕೇಸು ಉಳಿದದ್ದೇ ಅದರಿಂದ. ರಾಜೀನಾಮೆ ಕೊಟ್ಟರೆ ನಾವೇ ಕೆಲಸ ಬಿಟ್ಟಂತೆ. ಬಲವಂತದಿಂದ ಬರೆಸಿಕೊಂಡರು ಅಂತ ಆಮೇಲೆ ಸಾಬೀತು ಮಾಡುವುದು ಬಹಳ ಕಷ್ಟ.

ಎರಡು ದಿನಕ್ಕೆ ವಜಾ ಪತ್ರ ಬಂತು. ಆರೋಪ ಏನು ಅಂತ ಕಂಪನಿ ಬರೆದುಕೊಡುವ ಚಾರ್ಜ್‌ಶೀಟ್ ಇಲ್ಲ, ವಿಚಾರಣೆ ಇಲ್ಲ, ದೂರು ಕೊಟ್ಟವನನ್ನು ಒಂದು ಪ್ರಶ್ನೆ ಕೇಳಲೂ ಬಿಡಲಿಲ್ಲ. ಅವತ್ತು ರಾತ್ರಿಯೇ ನೆನಪಿದ್ದದ್ದನ್ನೆಲ್ಲ ತಾರೀಖು, ಹೊತ್ತಿನ ಸಮೇತ ಬರೆದಿಟ್ಟೆ. ದೂರಿನಲ್ಲಿ ಹೇಳಿದ ಸಂಜೆ ನಾನು 4:30ಕ್ಕೇ ಗೇಟ್ ದಾಟಿದ್ದೆ. ಗೇಟ್ ರಿಜಿಸ್ಟರಿನಲ್ಲಿ ನನ್ನ ಸಹಿ ಇತ್ತು. ಆ ಪುಟ, ಆ ದಿನದ ಸಿಸಿಟಿವಿ ಎರಡನ್ನೂ ಉಳಿಸಿಡಿ ಅಂತ ಕಂಪನಿಗೆ ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ಬರೆದೆ. ತಡ ಮಾಡಿದರೆ ರೆಕಾರ್ಡಿಂಗ್ ಅಳಿಸಿಹೋಗುತ್ತದೆ, ಅಲ್ವಾ.

ಆಗಿನ್ನೂ 1947ರ ಕೈಗಾರಿಕಾ ವಿವಾದ ಕಾಯ್ದೆ ಇತ್ತು. ಅದರ 2ಎ ಕಲಂ ಪ್ರಕಾರ ಯೂನಿಯನ್ ಇಲ್ಲದಿದ್ದರೂ ಕಾರ್ಮಿಕ ಒಬ್ಬನೇ ಹೋಗಬಹುದು. ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿಗೆ ಅರ್ಜಿ ಕೊಟ್ಟೆ. ಅವರು ಎರಡು ಸಲ ಕರೆದರೂ ಕಂಪನಿಯವರು ಬರಲಿಲ್ಲ. 45 ದಿನ ಕಳೆದ ಮೇಲೆ ನೇರವಾಗಿ ಲೇಬರ್ ಕೋರ್ಟ್‌ಗೆ ಹೋದೆ.

ವಿಚಾರಣೆಯೇ ಮಾಡಿಲ್ಲವಲ್ಲ, ಗೆದ್ದೇ ಗೆಲ್ಲುತ್ತೇನೆ ಅಂದುಕೊಂಡಿದ್ದೆ. ವಕೀಲರು ತಡೆದರು. ಆರೋಪವನ್ನು ಕೋರ್ಟಿನಲ್ಲೇ ಸಾಬೀತು ಮಾಡುತ್ತೇವೆ ಅಂತ ಕಂಪನಿ ಕೇಳಬಹುದಂತೆ. ಹಾಗೇ ಕೇಳಿದರು. ಆಗ ನಾವು ಗೇಟ್ ರಿಜಿಸ್ಟರ್ ತರಿಸಿ ಅಂತ ಅರ್ಜಿ ಹಾಕಿದೆವು. ರಿಜಿಸ್ಟರ್ ಬಂದ ಮೇಲೆ ಕಂಪನಿಯವರೇ ರಾಜಿಗೆ ಬಂದರು. ವಜಾ ಪತ್ರ ವಾಪಸ್ ತೆಗೆದುಕೊಂಡರು, ಹಿಂಬಾಕಿ ಸಂಬಳದಲ್ಲಿ ಅರ್ಧ ಕೊಟ್ಟರು. ಕಳ್ಳ ಅನ್ನುವ ಮಾತು ನನ್ನ ಫೈಲಿನಲ್ಲಿ ಉಳಿಯಬಾರದು ಅಂತ ನಾನು ಹಟ ಹಿಡಿದೆ. ದುಡ್ಡಿಗಿಂತ ನನಗೆ ಅದೇ ಜಾಸ್ತಿ ಆಗಿತ್ತು.

ದೂರು ಕೊಟ್ಟವನ ಮೇಲೆ ಮಾನನಷ್ಟ ಮೊಕದ್ದಮೆ ಹಾಕುವ ಸಿಟ್ಟೂ ಇತ್ತು. ಪರಿಹಾರ ಕೇಳುವ ಸಿವಿಲ್ ದಾವೆಗೆ ಒಂದೇ ವರ್ಷ ಗಡುವು. ಮೇಲಿನವರಿಗೆ ಒಳ್ಳೆಯ ನಂಬಿಕೆಯಿಂದ ಕೊಟ್ಟ ದೂರಿಗೆ ಕಾನೂನಿನ ರಕ್ಷಣೆಯೂ ಇದೆ. ಅವನು ಬೇಕಂತಲೇ ಸುಳ್ಳು ಹೇಳಿದ ಅನ್ನೋದಕ್ಕೆ ನನ್ನ ಹತ್ತಿರ ಪುರಾವೆ ಇರಲಿಲ್ಲ. ಬಿಟ್ಟೆ.

2025ರ ನವೆಂಬರ್ 21ರಿಂದ ಹಳೆಯ ಕಾಯ್ದೆಯ ಜಾಗಕ್ಕೆ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ವಜಾ ಆದಮೇಲೆ ಹೀಗೆ ನೇರವಾಗಿ ಅರ್ಜಿ ಹಾಕಲು ಮೊದಲು ಮೂರು ವರ್ಷ ಇದ್ದ ಗಡುವು ಈಗ ಎರಡು ವರ್ಷ. ದಯವಿಟ್ಟು ಸುಮ್ನೆ ಕೂತು ದಿನ ಕಳೆಯಬೇಡಿ. ಮ್ಯಾನೇಜರ್ ಹುದ್ದೆಯಲ್ಲಿದ್ದವರಿಗೆ ಈ ದಾರಿ ಇಲ್ಲ. ಅವರು ನೇಮಕಾತಿ ಪತ್ರದ ಷರತ್ತು ಹಿಡಿದು ಸಿವಿಲ್ ಕೋರ್ಟಿಗೆ ಹೋಗಬೇಕು.