ಜೈಲಿಗೆ ಬಂದವರಲ್ಲಿ ಹಳೆಯ ತಲೆಪೆಟ್ಟು: ನಾವು ಕೇಳುವ ರೀತಿ

ದಾಖಲಾತಿ ತಪಾಸಣೆಯಲ್ಲಿ ‘ತಲೆಗೆ ಪೆಟ್ಟು: ಇದೆ / ಇಲ್ಲ’ ಎಂದು ಒಂದೇ ಸಾಲಿನಲ್ಲಿ ಕೇಳಿದರೆ ಬಹುತೇಕ ‘ಇಲ್ಲ’ ಎಂದೇ ಬೀಳುತ್ತದೆ. ಹೊರದೇಶದ ಜೈಲುಗಳ ಅಧ್ಯಯನಗಳನ್ನು 2010ರಲ್ಲಿ ಒಟ್ಟುಗೂಡಿಸಿ ನೋಡಿದಾಗ ಸುಮಾರು 60% ಬಂದಿಗಳಿಗೆ ಮಿದುಳಿನ ಪೆಟ್ಟಿನ ಇತಿಹಾಸ ಇತ್ತು. ಬೆಳಗಾವಿ ಸೀಮೆಯ ಬಂದಿಗಳ ತಲೆಯೇನು ಅವರಿಗಿಂತ ಗಟ್ಟಿ ಅಲ್ಲ. ಕೇಳುವ ರೀತಿ ತಪ್ಪಿದರೆ ಉತ್ತರ ಸಿಗುವುದಿಲ್ಲ, ಅಷ್ಟೇ.

ಪೆಟ್ಟು ಎಂದರೆ ಬಂದಿಗಳ ಲೆಕ್ಕದಲ್ಲಿ ಹೊಲಿಗೆ ಬಿದ್ದದ್ದು, ರಕ್ತ ಸುರಿದದ್ದು. ಹಾಗಾಗಿ ಪೆಟ್ಟಿನ ಮಾತು ಎತ್ತದೆ ಘಟನೆಗಳನ್ನೇ ಒಂದೊಂದಾಗಿ ಕೇಳುತ್ತೇವೆ. “ಗಾಡಿ ಮ್ಯಾಲಿಂದ ಬಿದ್ದೀರೇನಣ್ಣ? ಕಬ್ಬಿನ ಟ್ರೇಲರ್‌ನಿಂದ? ಗಿಡದಿಂದ, ಮಾಳಗಿಯಿಂದ? ಎತ್ತು ಹಾಯ್ದಿತ್ತೇನು? ಗರಡ್ಯಾಗ ಕುಸ್ತಿ ಹಿಡೀವಾಗ? ಜಗಳದಾಗ ಬಡಿಗಿ, ಕಲ್ಲು ಬಿದ್ದಿತ್ತೇನು?” ಇಳಕಲ್ಲ ಕಡೆಯವರಿಗೆ ಕಲ್ಲಿನ ಖಣಿ, ಗೌಂಡಿ ಕೆಲಸದವರಿಗೆ ಸಾರವೆ ಸೇರಿಸಬೇಕು. ಅಮೆರಿಕದ ಓಹಿಯೋ ರಾಜ್ಯ ವಿಶ್ವವಿದ್ಯಾಲಯದವರ ತಲೆಪೆಟ್ಟಿನ ಪ್ರಶ್ನಾವಳಿಯ ಹಂದರವೂ ಇದೇ: ವಾಹನ, ಬೀಳುವುದು, ಹೊಡೆದಾಟ, ಸ್ಫೋಟ, ಆಸ್ಪತ್ರೆ. ಉದಾಹರಣೆಗಳಷ್ಟೇ ನಮ್ಮವು.

“ಎಚ್ಚರ ತಪ್ಪಿತ್ತಾ?” ಎಂಬ ಪ್ರಶ್ನೆಯಿಂದ ಉಪಯೋಗ ಕಡಿಮೆ, ಎಚ್ಚರ ಇಲ್ಲದವನಿಗೆ ಅದು ಗೊತ್ತಾಗುವುದು ಹೇಗೆ? “ಬೀಳೂಕಿಂತ ಮೊದಲ ಕಡೇಕ ನೆನಪಿರೂದು ಏನು? ಆಮ್ಯಾಲೆ ಮೊದಲ ನೆನಪಾಗೂದು ಏನು?” ಎಂದು ಕೇಳಿ ನಡುವಿನ ಖಾಲಿಯನ್ನು ಅಳೆಯುತ್ತೇವೆ. ಎಚ್ಚರ ತಪ್ಪಿದ್ದು 30 ನಿಮಿಷದೊಳಗೆ, ಗೊಂದಲ 24 ಗಂಟೆಯೊಳಗೆ ಇದ್ದರೆ ಸಾಮಾನ್ಯವಾಗಿ ಸೌಮ್ಯ. ಮೀರಿದರೆ ಗಂಭೀರವಾಗಿ ಹಿಡಿಯಬೇಕು. ಕುಡಿದಿದ್ದರೆ ಈ ಅಳತೆ ಕೆಡುತ್ತದೆ. ಆಗ ಜೊತೆಗಿದ್ದವರು ಏನಂದರೆಂದು ಕೇಳಿ, ‘ಕುಡಿದಿದ್ದ’ ಎಂದೂ ಬರೆದಿಡುತ್ತೇವೆ. 15 ವರ್ಷ ತುಂಬುವ ಮೊದಲೇ ಎಚ್ಚರ ತಪ್ಪಿದ್ದು, ಒಂದರ ಹಿಂದೆ ಒಂದು ಪೆಟ್ಟು, ಇತ್ತೀಚಿನ ಪೆಟ್ಟು, ಈ ಮೂರಕ್ಕೆ ಕೆಂಪು ಗುರುತು. ನೇಣು ಹಾಕಿಕೊಳ್ಳಲು ಹೋಗಿ ಉಳಿದವರು, ಬಾವಿಯಲ್ಲಿ ಮುಳುಗಿ ಬದುಕಿದವರು ಪೆಟ್ಟಿನ ಪಟ್ಟಿಗೆ ಬರುವುದಿಲ್ಲ. ಅಲ್ಲಿ ಆಮ್ಲಜನಕದ ಕೊರತೆಯಿಂದ ಮಿದುಳಿಗೆ ಹಾನಿ. ಅದನ್ನು ಬೇರೆಯೇ ಬರೆಯಬೇಕು.

ಕರೆತಂದ ಪೊಲೀಸರು ಬಾಗಿಲಲ್ಲಿ ನಿಂತಿರುವಾಗ ಇದನ್ನೆಲ್ಲ ಕೇಳಬಾರದು. ಹೊಸ ಗಾಯವನ್ನು ಅಂದೇ ನೋಡಿ ದಾಖಲಿಸಿ, ಹಳೆಯದನ್ನು ಕೆಲವು ದಿನ ಬಿಟ್ಟು ಕೇಳುತ್ತೇವೆ. ಮಹಿಳಾ ಬ್ಯಾರಕ್‌ನಲ್ಲಿ ಕೇಳುವವರು ನರ್ಸ್ ಅಕ್ಕನವರೇ, ಒಬ್ಬೊಬ್ಬರನ್ನೇ ಕೂರಿಸಿ. ಗಂಡ ತಲೆಯನ್ನು ಗೋಡೆಗೆ ಬಡಿದದ್ದು, ಕುತ್ತಿಗೆ ಹಿಸುಕಿದ್ದು (ಇದೂ ಆಮ್ಲಜನಕದ ಕೊರತೆಯ ಲೆಕ್ಕಕ್ಕೆ) ಆ ಹೆಂಗಸರ ಬಾಯಲ್ಲಿ ಎಂದೂ ಪೆಟ್ಟು ಆಗುವುದಿಲ್ಲ, “ಮನಿ ಜಗಳ” ಆಗುತ್ತದೆ.

ಕೂದಲು ಸರಿಸಿ ಗಾಯದ ಕಲೆ ನೋಡಿ. ವಾಸನೆ ಪರೀಕ್ಷೆಗೆ ಲವಂಗ, ಕಾಫಿಪುಡಿ ಸಾಕು, ಒಂದೊಂದೇ ಹೊಳ್ಳೆಗೆ. ಹಣೆಯ ಭಾಗಕ್ಕೆ ಬಿದ್ದ ಪೆಟ್ಟಿನಲ್ಲಿ ವಾಸನೆಯ ನರದ ಎಳೆಗಳು ಹರಿಯುವುದುಂಟು. ಬೀಡಿ ಸೇದುವವರಲ್ಲಿ ಇದನ್ನೇ ನೆಚ್ಚಬೇಡಿ.

ಅತಿ ಅಪಾಯದ ಕಾಲ ಮೊದಲ ವಾರ. ಕುಡಿತ ನಿಂತವನಿಗೆ ಫಿಟ್ಸ್ ಬರುವುದು ಸಾಮಾನ್ಯವಾಗಿ 6ರಿಂದ 48 ಗಂಟೆಯಲ್ಲಿ. ನಡುಕ, ಬೆವರು ಮೊದಲ ದಿನವೇ ಶುರು, ಗೊಂದಲದ ಜೊತೆ ಇಲ್ಲದ್ದು ಕಾಣುವುದು 48ರಿಂದ 96 ಗಂಟೆಯ ಹೊತ್ತಿಗೆ. ಇದೆಲ್ಲ “ಸೆರೆ (ಹೆಂಡ) ಇಳಿಯಾಕತ್ತೈತಿ” ಎಂಬ ಮಾತಿನಲ್ಲಿ ಮುಗಿದುಹೋಗುತ್ತದೆ. ಆದರೆ ಅದೇ ಕುಡುಕ ಮೂರು ವಾರದ ಹಿಂದೆ ಬಿದ್ದು, ಮಿದುಳಿನ ಪೊರೆಯ ಕೆಳಗೆ ನಿಧಾನ ರಕ್ತ ಸೇರುತ್ತಿರಬಹುದು. ಮಂಪರು ಹೆಚ್ಚುತ್ತಿದ್ದರೆ, ಒಂದು ಕೈ ಸೋತರೆ, ಎರಡು ಕಣ್ಣಿನ ಪಾಪೆ ಬೇರೆಬೇರೆ ಅಳತೆಯಲ್ಲಿದ್ದರೆ, ವಾಂತಿ ನಿಲ್ಲದಿದ್ದರೆ ಬೆಳಗಿನ ತನಕ ಕಾಯದೆ ಸಿಟಿ ಸ್ಕ್ಯಾನ್‌ಗೆ ಕಳಿಸಬೇಕು. ಗ್ಲಾಸ್ಗೋ ಅಂಕವನ್ನು (ಎಚ್ಚರದ ಮಟ್ಟದ ಅಳತೆ, ಪೂರ್ತಿ ಎಚ್ಚರಕ್ಕೆ 15) ಗಂಟೆಗೊಮ್ಮೆ ಬರೆದಿಟ್ಟರೆ ಆಸ್ಪತ್ರೆಗೆ ಒಯ್ಯಲು ಪೊಲೀಸ್ ಎಸ್ಕಾರ್ಟ್ ಕೇಳುವಾಗ ವಾದಕ್ಕೆ ಬಲ. 15ರಿಂದ 13ಕ್ಕೆ ಇಳಿದದ್ದು ಕಾಗದದಲ್ಲಿ ಕಾಣುತ್ತದೆ.

ಔಷಧದಲ್ಲಿ ಕೈ ಬಿಗಿ ಇರಲಿ. ಗಲಾಟೆ ಮಾಡುತ್ತಾನೆಂದು ಮಂಪರು ತರುವ ಡಯಾಜೆಪಾಮ್ ದಿನಾ ಕೊಟ್ಟರೆ ಕೆಲವರ ಹಿಡಿತ ಇನ್ನಷ್ಟು ತಪ್ಪುತ್ತದೆ (ಕುಡಿತ ಬಿಡಿಸುವ ಕೆಲವು ದಿನದ ಕೋರ್ಸ್ ಬೇರೆ ಮಾತು). ಮಾನಸಿಕ ಕಾಯಿಲೆಯ ಔಷಧಗಳ ಅಡ್ಡಪರಿಣಾಮಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್ ನೆನಪನ್ನು ಕೆಡಿಸುತ್ತದೆ, ಅಮಲಿಗಾಗಿ ಕೈ ಬದಲಾಯಿಸುವ ಗುಳಿಗೆಯೂ ಹೌದು. ನೋವಿನ ಗುಳಿಗೆ ಟ್ರಾಮಡಾಲ್ ಫಿಟ್ಸ್ ತರಬಹುದು.

ವಾರ್ಡರ್‌ಗಳಿಗೆ ಹೇಳಿಕೊಡುವುದು ಇದರಷ್ಟೇ ಮುಖ್ಯ. “ಹೇಳಿದ್ದು ಕೇಳೂದಿಲ್ರಿ, ಸೊಕ್ಕು” ಎಂದು ದೂರು ಬಂದವನಿಗೆ ಮೂರು ಅಪ್ಪಣೆ ಒಟ್ಟಿಗೆ ಕೊಟ್ಟಿರುತ್ತಾರೆ. ಮೊದಲನೆಯದಷ್ಟೇ ತಲೆಯಲ್ಲಿ ನಿಂತಿರುತ್ತದೆ. ಒಂದು ಸಲಕ್ಕೆ ಒಂದೇ ಮಾತು, ಅದನ್ನು ಅವನ ಬಾಯಿಂದ ತಿರುಗಿ ಹೇಳಿಸುವುದು, ಕೋರ್ಟ್ ತಾರೀಖನ್ನು ಚೀಟಿಯಲ್ಲಿ ಬರೆದುಕೊಡುವುದು. ಗದ್ದಲದ ದೊಡ್ಡ ಬ್ಯಾರಕ್ ಬಿಟ್ಟು ಗೋಡೆ ಬದಿಯ ಜಾಗ ಕೊಡಿಸಿದರೆ ಜಗಳ ಕಡಿಮೆಯಾಗುತ್ತದೆ. ಆದರೆ ಫೈಲಿನ ವಿವರ ಬ್ಯಾರಕ್‌ಗೆ ಇಳಿಯಬಾರದು. ‘ತಲಿ ಕೆಟ್ಟಾಂವ’ ಎಂಬ ಹೆಸರು ಬಿದ್ದರೆ ಉಳಿದವರು ಅವನನ್ನು ಬಿಡುವುದಿಲ್ಲ.

ಬಾಗಲಕೋಟೆಯಿಂದ ವಿಜಯಪುರಕ್ಕೋ ಬೆಳಗಾವಿಯ ಹಿಂಡಲಗಾ ಜೈಲಿಗೋ ವರ್ಗವಾದಾಗ ಸ್ಕ್ಯಾನ್ ವರದಿಯ ಪ್ರತಿ ಬಂದಿಯ ಜೊತೆಗೇ ಹೋಗಬೇಕು. ಫಿಟ್ಸ್ ಗುಳಿಗೆಯವರು ಬಿಡುಗಡೆಯಾದರೆ 15 ದಿನದ ಗುಳಿಗೆ ಕೈಗೆ ಕೊಟ್ಟು, ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಮರಳುತ್ತದೆಂದು ಕರೆದೊಯ್ಯಲು ಬಂದವರಿಗೂ ಹೇಳಿ ಕಳಿಸುತ್ತೇವೆ.