ಮಣ್ಣಿನ ಟ್ರ್ಯಾಕಿನ ಪುಟ್ಟ ರೇಸ್ ಕಾರಿಗೆ ರೆಕ್ಕೆಯ ಕೋನ ಹೊಂದಿಸುವ ಕ್ರಮ

ಕಾರಿನ ನೆತ್ತಿಯ ಮೇಲಿನ ರೆಕ್ಕೆಗೆ ಸ್ಪ್ಯಾನರ್ ಹಚ್ಚುವ ಮೊದಲು, ನಿಮ್ಮ ಕಾರು ತಿರುವಿನಲ್ಲಿ ಎಷ್ಟು ವೇಗದಲ್ಲಿರುತ್ತದೆ ಎಂಬುದನ್ನು ತಿಳಿದುಕೊಳ್ಳಬೇಕು. ರೆಕ್ಕೆಯು ಕಾರನ್ನು ನೆಲಕ್ಕೆ ಒತ್ತುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಲಿಫ್ಟ್ ಗುಣಾಂಕ (ರೆಕ್ಕೆಯ ಆಕಾರ ಮತ್ತು ಕೋನ ಎಷ್ಟು ಬಲ ಹುಟ್ಟಿಸುತ್ತದೆ ಎಂದು ಹೇಳುವ ಅಂಕಿ) 1 ಎಂದು ಹಿಡಿದರೆ, ಒಂದು ಚದರ ಮೀಟರ್ ರೆಕ್ಕೆ ಗಂಟೆಗೆ 40 ಕಿ.ಮೀ. ವೇಗದಲ್ಲಿ ಸುಮಾರು 7 ಕೆ.ಜಿ.ಯಷ್ಟು, 60ರಲ್ಲಿ 15, 90ರಲ್ಲಿ 34 ಕೆ.ಜಿ.ಯಷ್ಟು ಒತ್ತುತ್ತದೆ. ತಿರುವೆಲ್ಲ 40ರ ಒಳಗೇ ಮುಗಿಯುವ ಇಕ್ಕಟ್ಟಾದ ಟ್ರ್ಯಾಕಿನಲ್ಲಿ ರೆಕ್ಕೆ ಹೆಚ್ಚುಕಡಿಮೆ ಹೊರೆಯೇ ಸರಿ.

ಈ ಅಂಕಿಗಳನ್ನು ದಾವಣಗೆರೆಯ ಗಾಳಿಗೆ ಹೊಂದುವಂತೆ ಹಾಕಲಾಗಿದೆ. ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದ ಈ ಊರಿನಲ್ಲಿ, 35 ಡಿಗ್ರಿ ಬಿಸಿಲಿನ ಮಧ್ಯಾಹ್ನ ಒಂದು ಘನ ಮೀಟರ್ ಗಾಳಿ ಸುಮಾರು 1.07 ಕೆ.ಜಿ. ತೂಗುತ್ತದೆ, ಪುಸ್ತಕಗಳು ಕೊಡುವ 1.225ಕ್ಕೆ ಹೋಲಿಸಿದರೆ ಇದು ಶೇಕಡಾ 13ರಷ್ಟು ಕಡಿಮೆ. ಹೀಗಾಗಿ ಹೊರದೇಶದ ಕೋನಗಳ ಪಟ್ಟಿಯನ್ನು ಇಲ್ಲಿ ಹಾಗೆಯೇ ಇಳಿಸಿಕೊಳ್ಳುವಂತಿಲ್ಲ.

ಅಳತೆಯಲ್ಲಿಯೇ ಹೆಚ್ಚಿನವರು ಎಡವುತ್ತಾರೆ. ಚಾಲಕನನ್ನು ಕೂರಿಸಿ, ಇಂಧನ ತುಂಬಿಸಿ, ಟೈರಿನ ಗಾಳಿ ಸರಿಪಡಿಸಿ ಕಾರನ್ನು ಸಮತಟ್ಟಾದ ನೆಲದ ಮೇಲೆ ನಿಲ್ಲಿಸಬೇಕು. ನೆಲ ಸಮವಾಗಿದೆಯೇ ಎಂದು ನೋಡಲು ಗಾರೆ ಕೆಲಸದವರ ನೀರಿನ ಪೈಪು ಧಾರಾಳವಾಗಿ ಸಾಕು. ರೆಕ್ಕೆಯ ಮುಂಚೂಣಿಯಿಂದ ಹಿಂದಿನ ಅಂಚಿನವರೆಗೆ ನೇರವಾದ ಪಟ್ಟಿಯೊಂದನ್ನು ಇಟ್ಟು ಅದರ ಮೇಲೆ ಡಿಜಿಟಲ್ ಕೋನಮಾಪಕ ಇರಿಸಿ, ಬಂದ ಅಂಕಿಯನ್ನು ಚಾಸಿಯ (ಕಾರಿನ ಕೊಳವೆ ಚೌಕಟ್ಟಿನ) ಮೇಲ್ಕೊಳವೆಯ ಕೋನದೊಂದಿಗೆ ಹೋಲಿಸಿ ವ್ಯತ್ಯಾಸವನ್ನು ಬರೆದಿಟ್ಟುಕೊಳ್ಳಬೇಕು. ನೆಲಕ್ಕೆ ಹೋಲಿಸಿ ಬರೆದ ಅಂಕಿ ಸ್ಪ್ರಿಂಗ್ ಬದಲಿಸಿದ ದಿನವೇ ಸುಳ್ಳಾಗುತ್ತದೆ. ಮಾಪಕವಿಲ್ಲದಿದ್ದರೂ ಕೆಲಸ ನಿಲ್ಲುವುದಿಲ್ಲ: ರೆಕ್ಕೆಯ ಅಗಲ ಹಿಂದುಮುಂದಾಗಿ 900 ಮಿ.ಮೀ. ಇದ್ದರೆ, ಹಿಂದಿನ ಅಂಚು ಮುಂದಿನದಕ್ಕಿಂತ 156 ಮಿ.ಮೀ. ಎತ್ತರದಲ್ಲಿದ್ದಾಗ ಕೋನ 10 ಡಿಗ್ರಿ, 233 ಮಿ.ಮೀ. ಇದ್ದಾಗ 15 ಡಿಗ್ರಿ. ಆಕ್ಸಿಲರೇಟರ್ ಒತ್ತಿದಾಗ ಕಾರಿನ ಹಿಂಭಾಗ ಕುಸಿದು ರೆಕ್ಕೆ ಸ್ವಲ್ಪ ಚಪ್ಪಟೆಯಾಗುತ್ತದೆ ಎಂಬುದನ್ನೂ ಮರೆಯಬಾರದು. ಚಕ್ರಾಂತರ (ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ದೂರ) 1,600 ಮಿ.ಮೀ. ಇರುವ ಕಾರಿನಲ್ಲಿ 28 ಮಿ.ಮೀ. ಕುಸಿತವು ಒಂದು ಡಿಗ್ರಿಯನ್ನು ನುಂಗಿಬಿಡುತ್ತದೆ.

ಇನ್ನು ಕೋನ ಎಷ್ಟಿರಬೇಕು ಎಂಬುದನ್ನು ಮಣ್ಣೇ ಹೇಳುತ್ತದೆ. ಟ್ಯಾಂಕರ್ ನೀರು ಹಾಯಿಸಿದ ಹೊಸದರಲ್ಲಿ ಮಣ್ಣು ಟೈರನ್ನು ತಾನೇ ಹಿಡಿಯುವುದರಿಂದ ಕೋನ ಕಡಿಮೆ ಮಾಡಿ ನೇರದಾರಿಯ ವೇಗ ಗಳಿಸಬಹುದು. ಬಿಸಿಲೇರಿ ಮೇಲ್ಪದರ ಒಣಗಿ ನುಣುಪಾದಂತೆ ಕೋನವನ್ನು ಏರಿಸುತ್ತ ಹೋಗಬೇಕು. ಮಸಾರಿ ನೆಲ ಬೇಗ ಒಣಗಿ ಧೂಳಾಗುತ್ತದೆ, ಆದ್ದರಿಂದ ಮಧ್ಯಾಹ್ನದೊಳಗೆ ಎರಡು ಸಲವಾದರೂ ಕೋನ ಬದಲಿಸಲು ಸಿದ್ಧರಿರಿ. ಎರೆ ನೆಲ ಹಸಿಯಿದ್ದಾಗ ಟೈರಿಗೆ ಮೆತ್ತಿಕೊಳ್ಳುತ್ತದೆ. ಆ ಸ್ಥಿತಿಯಲ್ಲಿ ಯಾವ ಕೋನವೂ ನೆರವಾಗದು, ಕಾಯುವುದೇ ಲೇಸು. ಒಂದು ಬಾರಿಗೆ ಒಂದೇ ಡಿಗ್ರಿ ಬದಲಿಸಿ, ಆ ಸುತ್ತುಗಳಲ್ಲಿ ಟೈರಿನ ಒತ್ತಡವನ್ನಾಗಲಿ ಸ್ಪ್ರಿಂಗನ್ನಾಗಲಿ ಮುಟ್ಟಬೇಡಿ.

ಕೋನ ಏರಿಸಿದಷ್ಟೂ ಹಿಡಿತ ಏರುವುದಿಲ್ಲ. ಒಂದು ಮಿತಿ ದಾಟಿದರೆ ರೆಕ್ಕೆಯ ಕೆಳಮೈಯಿಂದ ಗಾಳಿ ಕಳಚಿಕೊಂಡು ಕಾರನ್ನು ಹಿಂದಕ್ಕೆ ಜಗ್ಗುವ ಗಾಳಿಯ ಎಳೆತ ಮಾತ್ರ ಹೆಚ್ಚುತ್ತದೆ. ಆ ಮಿತಿ ಪ್ರತಿ ರೆಕ್ಕೆಗೂ ಬೇರೆಯಾದ್ದರಿಂದ, ಕೆಳಮೈಗೆ ಒಂದು ಗೇಣಿಗಿಂತ ಚಿಕ್ಕದಾದ ನೂಲಿನ ಎಳೆಗಳನ್ನು ಸಾಲಾಗಿ ಅಂಟಿಸಿ, ಚಾಸಿಗೆ ಬಿಗಿದ ಕ್ಯಾಮೆರಾದಿಂದ ನೋಡಿ. ಎಳೆಗಳು ಹಿಂದಕ್ಕೆ ನೆಟ್ಟಗೆ ಮಲಗಿದ್ದರೆ ಸರಿ. ಸುತ್ತಿಕೊಂಡು ಮುಂದಕ್ಕೆ ಮಡಚುತ್ತಿದ್ದರೆ ಎರಡು ಡಿಗ್ರಿ ಇಳಿಸಿ. ನೂಲಿನ ಗಿರಣಿಗಳಿಂದ ಹೆಸರಾದ ಊರಿನಲ್ಲಿ ಇದಕ್ಕಿಂತ ಅಗ್ಗದ ಉಪಕರಣ ಸಿಗದು. ಇನ್ನೊಂದು ಮಾತು: ಎತ್ತರದಲ್ಲಿರುವ ರೆಕ್ಕೆಯ ಎಳೆತವು ಭಾರವನ್ನು ಹಿಂಚಕ್ರಗಳಿಗೆ ದಾಟಿಸಿ ಮುಂಚಕ್ರಗಳನ್ನು ಹಗುರಗೊಳಿಸುತ್ತದೆ. ಕೋನ ಏರಿಸಿದ ಮೇಲೆ ಕಾರು ತಿರುಗಲು ಒಲ್ಲೆನೆಂದರೆ ಕೋನವನ್ನು ಹಾಗೆಯೇ ಬಿಟ್ಟು ರೆಕ್ಕೆಯನ್ನು 25 ಮಿ.ಮೀ. ಮುಂದಕ್ಕೆ ಸರಿಸಿ ನೋಡಿ. ಹಿಂಭಾಗ ಜಾರುತ್ತಿದ್ದರೆ ಹಿಂದಕ್ಕೆ ಸರಿಸಿ.

ಚಿತ್ರದುರ್ಗದ ಕಡೆ ಅಭ್ಯಾಸ ಮಾಡುವವರಿಗೆ ಗಾಳಿಯದೇ ಬೇರೊಂದು ಲೆಕ್ಕ. ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸುಮ್ಮನೆ ನಿಂತಿಲ್ಲ. 60ರ ವೇಗದ ಕಾರಿಗೆ 20 ಕಿ.ಮೀ. ಗಾಳಿ ಎದುರಾದರೆ ರೆಕ್ಕೆಗೆ 80 ಸಿಗುತ್ತದೆ, ಅದೇ ಗಾಳಿ ಬೆನ್ನಿಗೆ ಬಂದರೆ 40. ಒತ್ತುವ ಬಲದಲ್ಲಿ ಇದು ನಾಲ್ಕು ಪಟ್ಟು ಅಂತರ. ಆಷಾಢದ ಗಾಳಿಯಲ್ಲಿ ಕೋನವನ್ನು ಗಾಳಿ ಬೆನ್ನಿಗಿರುವ ತಿರುವಿಗೆ ಹೊಂದಿಸುವುದು ಸುರಕ್ಷಿತ, ಏಕೆಂದರೆ ಕಾರು ಕೈಮೀರುವುದು ಅಲ್ಲಿಯೇ.

ಅಮೆರಿಕದ ಸ್ಪ್ರಿಂಟ್ ಕಾರುಗಳು ಅಂಡಾಕಾರದ ಟ್ರ್ಯಾಕಿನಲ್ಲಿ ಎಡಕ್ಕಷ್ಟೇ ತಿರುಗುತ್ತವೆ. ಅವುಗಳ ರೆಕ್ಕೆಯ ಎರಡು ಬದಿಯ ಫಲಕಗಳು ಬೇರೆ ಬೇರೆ ಆಕಾರದಲ್ಲಿರುವುದು ಅದಕ್ಕಾಗಿಯೇ. ಎಡಬಲ ಎರಡೂ ಕಡೆ ತಿರುಗುವ ಆಟೋಕ್ರಾಸ್ ಹಾದಿಯಲ್ಲಿ ಫಲಕಗಳು ಸಮವಾಗಿರಬೇಕು.

ಕಡೆಯದಾಗಿ, ಕೋನ ಬದಲಿಸಿದ ಪ್ರತಿ ಸಲವೂ ನೈಲಾಕ್ ನಟ್ಟುಗಳನ್ನು (ತಾವಾಗಿ ಸಡಿಲವಾಗದಂತೆ ಒಳಗೆ ನೈಲಾನ್ ಬಳೆಯಿರುವ ನಟ್ಟುಗಳು) ಬಿಗಿದು, ನಟ್ಟಿನಿಂದ ಬ್ರಾಕೆಟ್ಟಿಗೆ ಅಡ್ಡಲಾಗಿ ಬಣ್ಣದ ಗೆರೆ ಎಳೆಯಿರಿ. ಮೂರು ಸುತ್ತಿನ ನಂತರ ಗೆರೆ ಮುರಿದಿದ್ದರೆ ಆ ಸುತ್ತುಗಳಲ್ಲಿ ಬರೆದುಕೊಂಡ ಅಂಕಿಗಳನ್ನು ಹೊಡೆದುಹಾಕಿ, ಬ್ರಾಕೆಟ್ಟಿನ ರಂಧ್ರ ಹಿಗ್ಗಿದೆಯೇ ಎಂದು ನೋಡಿ, ಮತ್ತೆ ಸಮತಟ್ಟಾದ ನೆಲದಿಂದಲೇ ಅಳತೆ ಆರಂಭಿಸಿ.